ಸೌದೆ ಒಲೆಯ ಬಿಸಿಗೆ ಯಾವ ಮಾಪಕ? ಮುಳ್ಳಿನದ್ದು, ಗನ್ ಮಾದರಿ, ಅಲಾರಾಂ ಇರುವ ಡಿಜಿಟಲ್

ಅಮೆರಿಕದ ವರ್ಮಾಂಟ್‌ನಲ್ಲಿ ಚಳಿಗಾಲದ ರಾತ್ರಿ ಎಂಟು ಗಂಟೆಯಾದಾಗ ತೀರ್ಥಹಳ್ಳಿಯಲ್ಲಿ ಮರುದಿನ ಬೆಳಗಿನ ಆರೂವರೆ. ಅಮ್ಮ ಬಚ್ಚಲ ಒಲೆಗೆ ಉರಿ ಹಾಕಿ, ಹಂಡೆಯ ನೀರು ಕಾಯುವವರೆಗೆ ನನ್ನೊಡನೆ ಫೋನಿನಲ್ಲಿ ಮಾತಾಡುತ್ತಾಳೆ. ಎರಡು ವರ್ಷದ ಹಿಂದೆ, ಜನವರಿಯ ಒಂದು ರಾತ್ರಿ, ನಾನು ನಮ್ಮ ಮನೆಯ ಕಬ್ಬಿಣದ ಒಲೆಗೆ ನಾಲ್ಕು ಸೀಳು ಆ್ಯಶ್ ಮರದ ಸೌದೆ ತುಂಬಿ, ಚೆನ್ನಾಗಿ ಹೊತ್ತಿಕೊಳ್ಳಲಿ ಎಂದು ಗಾಳಿಯ ಹಿಡಿಯನ್ನು ಪೂರ್ತಿ ತೆರೆದಿಟ್ಟು ಫೋನ್ ಎತ್ತಿಕೊಂಡೆ. ಅಡಿಕೆ ಕೊಯ್ಲಿನ ಸುದ್ದಿ, ಕೆಲಸದವರು ಸಿಗದ ಸುದ್ದಿ ಕೇಳುತ್ತ ಅಡುಗೆಮನೆಗೆ ಹೋದವನು ಅಲ್ಲೇ ನಿಂತುಬಿಟ್ಟೆ. ಇಪ್ಪತ್ತು ನಿಮಿಷ ಕಳೆದಿರಬೇಕು. ಮೊದಲು ಬಂದದ್ದು ಬಿಸಿಯಾದ ಬಣ್ಣದ ಕಮಟು ವಾಸನೆ. ಆಮೇಲೆ ಹೊಗೆಕೊಳವೆ ಹಿಗ್ಗುವ ಟಿಕ್ ಟಿಕ್ ಸದ್ದು. ಓಡಿ ಬಂದು ನೋಡಿದರೆ ಕೊಳವೆಗೆ ಅಂಟಿಸಿದ್ದ ಮಾಪಕದ ಮುಳ್ಳು ಕೆಂಪು ಪಟ್ಟಿಯೊಳಗೆ, 650ರ ಆಚೆ ನಿಂತಿತ್ತು.

“ಅಮ್ಮ, ಒಲೆ ವಿಪರೀತ ಕಾದಿದೆ, ಆಮೇಲೆ ಮಾಡುತ್ತೇನೆ” ಎಂದೆ. “ಎರಡು ಕೊಳ್ಳಿ ಹಿಂದಕ್ಕೆ ಎಳೆ” ಎಂದಳು ಅಮ್ಮ.

ಬಚ್ಚಲ ಒಲೆಗೆ ಅದೇ ಸರಿಯಾದ ಮದ್ದು. ಬಾಯಿ ತೆರೆದಿರುವ ಒಲೆಯಲ್ಲಿ ಉರಿ ಕಣ್ಣೆದುರೇ ಇರುತ್ತದೆ, ಕೊಳ್ಳಿ ಹಿಂದೆ ಎಳೆದರೆ ಅರೆ ನಿಮಿಷದಲ್ಲಿ ಇಳಿಯುತ್ತದೆ. ಇಲ್ಲಿಯ ಒಲೆ ಹಾಗಲ್ಲ. ಒಮ್ಮೆ ಸೌದೆ ತುಂಬಿ ಗಾಜಿನ ಬಾಗಿಲು ಹಾಕಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಗಾಳಿಯ ಹಿಡಿ ಒಂದೇ. ಬಾಗಿಲು ತೆರೆದರೆ ಗಾಳಿ ನುಗ್ಗಿ ಉರಿ ಇನ್ನೂ ಏಳುತ್ತದೆ. ಈಗಿನ ಬಹುಪಾಲು ಒಲೆಗಳಲ್ಲಿ ಹೊಗೆಯನ್ನೇ ಉರಿಸಲು ಮೇಲಿನಿಂದ ಎರಡನೇ ಗಾಳಿ ಬರುತ್ತದೆ, ಅದನ್ನು ಮುಚ್ಚಲು ಮನೆಯವರಿಗೆ ಹಿಡಿಯೇ ಇರುವುದಿಲ್ಲ. ಆ ರಾತ್ರಿ ಗಾಳಿ ಮುಚ್ಚಿದ ಮೇಲೂ ಮುಳ್ಳು ಸ್ವಲ್ಪ ಹೊತ್ತು ಏರುತ್ತಲೇ ಇತ್ತು. ಹಸಿರು ಪಟ್ಟಿಗೆ ಇಳಿಯಲು ಕಾಲು ಗಂಟೆ ಹಿಡಿಯಿತು. ಮಾಪಕದ್ದೇನೂ ತಪ್ಪಿಲ್ಲ. ಅದು ಸರಿಯಾಗಿಯೇ ತೋರಿಸುತ್ತಿತ್ತು, ನೋಡಲು ಕೋಣೆಯಲ್ಲಿ ಯಾರೂ ಇರಲಿಲ್ಲ.

ಆದ್ದರಿಂದ ಮಾಪಕಗಳನ್ನು ಹೋಲಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ, ಎಷ್ಟು ಕರಾರುವಾಕ್ಕು ಎಂಬುದಲ್ಲ. ನಾವು ನೋಡದಿದ್ದಾಗ ಅದು ಏನು ಮಾಡುತ್ತದೆ ಎಂಬುದು. ಈ ಬರಹ ಅಮೆರಿಕ, ಕೆನಡಾ, ಯುರೋಪಿನ ಚಳಿ ನಾಡುಗಳಲ್ಲಿ ಹೊಸದಾಗಿ ಸೌದೆ ಒಲೆ ಇರುವ ಮನೆಗೆ ಹೋದ ನಮ್ಮವರಿಗಾಗಿ. ಅಮೆರಿಕದ ಮಾಪಕಗಳು ಫ್ಯಾರನ್‌ಹೀಟ್‌ನಲ್ಲಿ ಇರುವುದರಿಂದ ಬರಿಯ ಅಂಕಿ ಕೊಟ್ಟಲ್ಲೆಲ್ಲ ಅದನ್ನು ಫ್ಯಾರನ್‌ಹೀಟ್ ಎಂದೇ ಓದಿಕೊಳ್ಳಿ.

ಎಲ್ಲಿ ಅಳೆಯಬೇಕು

ಯಾವುದನ್ನು ಕೊಳ್ಳಬೇಕು ಎನ್ನುವ ಮೊದಲು ಇದು ತೀರ್ಮಾನವಾಗಬೇಕು. ಒಲೆಯ ಮೇಲ್ಮೈ ಮತ್ತು ಹೊಗೆಕೊಳವೆ ಬೇರೆ ಬೇರೆ ಸುದ್ದಿ ಹೇಳುತ್ತವೆ. ಮೇಲ್ಮೈ ಹಂಡೆಯ ನೀರಿನ ಹಾಗೆ, ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಮನೆಗೆ ಎಷ್ಟು ಶಾಖ ಬರುತ್ತಿದೆ ಎಂದು ತಿಳಿಯಲು ಅದು ಸರಿ. ಹೊಗೆಕೊಳವೆ ಹಾಲಿನ ಹಾಗೆ, ಗಮನ ತಪ್ಪಿದ ಕ್ಷಣಕ್ಕೆ ಉಕ್ಕುತ್ತದೆ. ಸೌದೆ ತುಂಬಿದ ಮೊದಲ ಇಪ್ಪತ್ತು ನಿಮಿಷದಲ್ಲಿ ಮೇಲ್ಮೈ ಇನ್ನೂ ತಣ್ಣಗೆ ಕುಳಿತಿರುವಾಗಲೇ ಕೊಳವೆ ಅಪಾಯದ ಅಂಚಿಗೆ ಹೋಗಿರಬಹುದು. ಒಂದೇ ಮಾಪಕ ಕೊಳ್ಳುವುದಾದರೆ ಅದು ಕೊಳವೆಗೇ ಸಲ್ಲಬೇಕು, ಒಲೆಯಿಂದ ಸುಮಾರು 18 ಇಂಚು ಮೇಲೆ.

ಕೊಳವೆ ಎರಡು ಬಗೆ. ಒಂದೇ ಪದರದ ತಗಡಿನ ಕೊಳವೆಯಾದರೆ ಹೊರಮೈಯ ಬಿಸಿಯನ್ನು ಅಳೆದರೆ ಸಾಕು. ಮಾಮೂಲಿ ಮಾಪಕಗಳಲ್ಲಿ 250ರಿಂದ 475ರವರೆಗೆ ಹಸಿರು ಪಟ್ಟಿ. ಒಳಗೆ ಹರಿಯುವ ಹೊಗೆ ಇದರ ಒಂದೂವರೆಯಿಂದ ಎರಡು ಪಟ್ಟು ಬಿಸಿ ಇರುತ್ತದೆ. ಎರಡು ಪದರದ ಕೊಳವೆಯಲ್ಲಿ ನಡುವೆ ಗಾಳಿಯ ಪದರ ಇರುವುದರಿಂದ ಹೊರಮೈ ಮುಟ್ಟಿದ ಮಾಪಕ ತೋರಿಸುವ ಅಂಕಿಗೆ ಅರ್ಥವೇ ಇಲ್ಲ. ಅಲ್ಲಿ ಕಡ್ಡಿಯೊಂದನ್ನು ತೂತಿನ ಮೂಲಕ ಒಳಗಿನ ಹೊಗೆಗೇ ಇಳಿಸಬೇಕು. ಆಗ ಹಸಿರು ಪಟ್ಟಿ 400ರಿಂದ 900. ನಮ್ಮ ಪಕ್ಕದ ಮನೆಯವರು ಮೂರು ಚಳಿಗಾಲ ಎರಡು ಪದರದ ಕೊಳವೆಯ ಮೇಲೆ ಆಯಸ್ಕಾಂತದ ಮಾಪಕ ಅಂಟಿಸಿ, “ಯಾವಾಗಲೂ ಕಡಿಮೆಯೇ ಇದೆ” ಎಂದು ಗಾಳಿ ಜಾಸ್ತಿ ಬಿಡುತ್ತಿದ್ದರು. ಅವರ ಒಲೆಯ ಒಳಗಿನ ಉಕ್ಕಿನ ತಗಡು ಬಾಗಿಹೋಯಿತು.

ಒಂದು ಎಚ್ಚರಿಕೆ: ತೂತು ಕೊರೆಯುವುದು ಕೋಣೆಯೊಳಗಿನ, ಒಲೆಯಿಂದ ಹೊರಟ ಕೊಳವೆಗೆ ಮಾತ್ರ. ಛಾವಣಿ ದಾಟುವ ಚಿಮಣಿಯ ಭಾಗಕ್ಕೆ ಎಂದಿಗೂ ಕೊರೆಯಬಾರದು.

ಕೆಳಗಿನ ಗಡಿಯೂ ಮೇಲಿನದರಷ್ಟೇ ಮುಖ್ಯ, ಅದನ್ನು ಜನ ಮರೆಯುತ್ತಾರೆ. ಹೊಗೆ ತಣ್ಣಗಾದರೆ ಅದರಲ್ಲಿನ ಡಾಂಬರಿನಂಥ ಆವಿ ಚಿಮಣಿಯ ಗೋಡೆಗೆ ಅಂಟುತ್ತದೆ. ಕ್ರಿಯೋಸೋಟ್ ಎನ್ನುತ್ತಾರೆ. ನಮ್ಮ ಅಡುಗೆಮನೆಯ ಅಟ್ಟದಲ್ಲಿ ಜೋತಾಡುವ ಇಲ್ಲಣ ನೋಡಿ ಬೆಳೆದವರಿಗೆ ಇದು ಅದರದೇ ಅಣ್ಣ ಎನ್ನಿಸಬಹುದು, ಆದರೆ ಇದು ಹೊಳೆಯುವ ಕರಿಯ ಅರಗಿನಂತೆ ಗಟ್ಟಿಯಾಗಿ, ಒಮ್ಮೆ ಹೊತ್ತಿಕೊಂಡರೆ ಚಿಮಣಿಯೊಳಗೇ 2000 ಡಿಗ್ರಿ ದಾಟಬಲ್ಲ ಬೆಂಕಿಯಾಗುತ್ತದೆ. ಅಮೆರಿಕದಲ್ಲಿ ಸೌದೆ ಒಲೆಗೆ ಹಾಕುವ ಉಕ್ಕಿನ ಚಿಮಣಿಯ ಮಾನದಂಡವೇ ಇದನ್ನು ಲೆಕ್ಕಕ್ಕೆ ಹಿಡಿದಿದೆ. ಸದಾ 1000 ಡಿಗ್ರಿ ತಾಳಬೇಕು, ಹತ್ತು ಹತ್ತು ನಿಮಿಷದಂತೆ ಮೂರು ಸಲ 2100 ಡಿಗ್ರಿ ತಾಳಬೇಕು. ರಾತ್ರಿ ಮಲಗುವಾಗ ಹಸಿ ಸೌದೆ ತುರುಕಿ ಗಾಳಿ ಮುಚ್ಚಿ ಮಲಗುವವರ ಮನೆಯಲ್ಲಿ ಮಾಪಕ ಬೆಳಗಿನ ತನಕ 200ರ ಕೆಳಗೇ ಇರುತ್ತದೆ, ಆ ಕ್ರಿಯೋಸೋಟ್ ಒಂದೊಂದು ರಾತ್ರಿಗೂ ಬೆಳೆಯುತ್ತದೆ.

ಮುಳ್ಳಿನ ಮಾಪಕ

ಎರಡು ಲೋಹಗಳನ್ನು ಒಂದಕ್ಕೊಂದು ಅಂಟಿಸಿ ಸುರುಳಿ ಸುತ್ತಿದರೆ, ಬಿಸಿಗೆ ಒಂದು ಹೆಚ್ಚು ಹಿಗ್ಗಿ ಸುರುಳಿ ತಿರುಗುತ್ತದೆ, ಮುಳ್ಳೂ ತಿರುಗುತ್ತದೆ. ಇಷ್ಟೇ ಯಂತ್ರ. 20–30 ಡಾಲರಿಗೆ ಸಿಗುತ್ತದೆ. ಬ್ಯಾಟರಿ ಬೇಡ, ತಂತಿ ಬೇಡ, ಕರೆಂಟು ಹೋದರೆ ಚಿಂತೆ ಇಲ್ಲ. ಕಡ್ಡಿ ಇರುವ ಬಗೆಯದ್ದು ಸ್ವಲ್ಪ ಹೆಚ್ಚು ಬೆಲೆ. ಕುಂದು ಎರಡು: ನಿಧಾನ, ಮತ್ತು ಮೌನ. ಕೊಳವೆ ಏರಿದ ಕೆಲವು ನಿಮಿಷದ ಮೇಲೆ ಮುಳ್ಳು ಅಲ್ಲಿಗೆ ತಲುಪುತ್ತದೆ. ಎರಡು ಚಳಿಗಾಲ ಕಳೆದ ಮೇಲೆ ಅಂಕಿಯೂ ಅತ್ತಿತ್ತ ಸರಿಯಬಹುದು. ಆದರೂ ಪ್ರತಿ ಮನೆಯಲ್ಲೂ ಇದು ಒಂದು ಇರಲೇಬೇಕು ಎಂದು ನಾನು ಹೇಳುತ್ತೇನೆ. ಡಿಜಿಟಲ್ ಇದ್ದವರಿಗೂ. ಪರದೆಯ ಅಂಕಿ ನಂಬಬೇಕೋ ಬೇಡವೋ ಎಂಬ ಅನುಮಾನ ಬಂದಾಗ ತಲೆಯೆತ್ತಿ ನೋಡಲು ಇನ್ನೊಂದು ಸಾಕ್ಷಿ ಬೇಕು.

ಗನ್ ಮಾದರಿಯ ಇನ್‌ಫ್ರಾರೆಡ್ ಮಾಪಕ

ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದುದರ ಬಂಧು. ಕೊಳ್ಳುವಾಗ ಎಷ್ಟು ಬಿಸಿಯವರೆಗೆ ಅಳೆಯುತ್ತದೆ ನೋಡಿ. ಅಗ್ಗದವು 380 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲುತ್ತವೆ, ಒಲೆಗೆ 550 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಬೇಕು. ಕರಿ ಬಣ್ಣದ ಮಂಕು ಮೈಯ ಮೇಲೆ ಇದು ಚೆನ್ನಾಗಿ ಅಳೆಯುತ್ತದೆ. ಹೊಳೆಯುವ ಸ್ಟೀಲಿಗೆ ಹಿಡಿದರೆ ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ, ಗಾಜಿಗೆ ಹಿಡಿದರೆ ಗಾಜಿನ ಬಿಸಿ ಹೇಳುತ್ತದೆಯೇ ಹೊರತು ಒಳಗಿನ ಬೆಂಕಿಯದ್ದಲ್ಲ. ಕೆಂಪು ಚುಕ್ಕೆ ಬಿದ್ದ ಜಾಗವನ್ನಷ್ಟೇ ಅಳೆಯುತ್ತದೆ ಎಂಬುದೂ ತಪ್ಪು. ಹೆಚ್ಚಿನವು 12ಕ್ಕೆ 1ರ ಲೆಕ್ಕದವು: ಎರಡು ಅಡಿ ದೂರದಿಂದ ಹಿಡಿದರೆ ಎರಡು ಇಂಚು ಅಗಲದ ವೃತ್ತದ ಸರಾಸರಿ. ಕೋಣೆಯ ಆಚೆ ಬದಿಯಿಂದ ಆರು ಇಂಚಿನ ಕೊಳವೆಗೆ ಹಿಡಿದರೆ ಹಿಂದಿನ ಗೋಡೆಯೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಒಲೆಯ ಹಿಂದಿನ ಮರದ ಗೋಡೆ ಎಷ್ಟು ಕಾದಿದೆ, ಕೊಳವೆಯ ಯಾವ ಕೀಲು ಹೆಚ್ಚು ಬಿಸಿ ಎಂದು ಹುಡುಕಲು ಇದರಷ್ಟು ಉಪಕಾರಿ ಬೇರೆ ಇಲ್ಲ. ಕಾವಲಿಗೆ ಮಾತ್ರ ಇದು ಅಲ್ಲ, ಏಕೆಂದರೆ ಕೈಯಲ್ಲಿ ಹಿಡಿದಾಗ ಮಾತ್ರ ಇದು ಮಾಪಕ.

ಅಡುಗೆಯ ಡಿಜಿಟಲ್ ಥರ್ಮಾಮೀಟರ್

ಮಾಂಸ ಬೇಯಿಸಲು, ಒವನ್‌ಗೆ ಎಂದು ಮಾರುವ ತಂತಿಯ ಕಡ್ಡಿ, ಅಲಾರಾಂ, ಕೆಲವದರಲ್ಲಿ ಫೋನಿಗೆ ಸಂದೇಶ. ಹಲವರು ಇದನ್ನೇ ಒಲೆಗೆ ಕಟ್ಟುತ್ತಾರೆ. ಬೇಡ. ಇದರ ಕಡ್ಡಿಯೊಳಗೆ ಬಿಸಿ ಅಳೆಯುವ ಪುಟ್ಟ ಬಿಡಿಭಾಗವಾದ ಥರ್ಮಿಸ್ಟರ್ ಸಾಮಾನ್ಯವಾಗಿ 300 ಡಿಗ್ರಿ ಸೆಲ್ಸಿಯಸ್, ಅಂದರೆ 572 ಫ್ಯಾರನ್‌ಹೀಟ್ ಆಸುಪಾಸಿಗೆ ಸೋಲುತ್ತದೆ. ಹೊಗೆಯೊಳಗೆ ನಮಗೆ ಅಲಾರಾಂ ಬೇಕಾಗುವುದೇ ಅದರಾಚೆ. ಒಂದೇ ಪದರದ ಕೊಳವೆಯ ಹೊರಮೈಗೆ ಕಟ್ಟಿದರೂ ಎಲ್ಲ ಸರಿ ಇದ್ದ ದಿನ ಕೆಲಸ ಮಾಡಿ, ಕೆಟ್ಟ ದಿನ ಸುಟ್ಟುಹೋಗುತ್ತದೆ.

ಕೆ-ಟೈಪ್ ಥರ್ಮೋಕಪಲ್ ಮತ್ತು ಅಲಾರಾಂ

ನನ್ನ ಆಯ್ಕೆ ಇದು, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕ್ರೋಮೆಲ್ ಮತ್ತು ಅಲುಮೆಲ್ ಎಂಬ ಎರಡು ಮಿಶ್ರಲೋಹದ ತಂತಿಗಳ ತುದಿ ಬೆಸೆದರೆ, ಬೆಸುಗೆಯ ಬಿಸಿಗೂ ಮಾಪಕದ ಕಡೆಯ ಬಿಸಿಗೂ ಇರುವ ಅಂತರಕ್ಕೆ ತಕ್ಕಂತೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 41 ಮೈಕ್ರೋವೋಲ್ಟ್. ಮಾಪಕ ಅದನ್ನು ಅಂಕಿಯಾಗಿ ತೋರಿಸುತ್ತದೆ. ಕುಲುಮೆಗಳಲ್ಲಿ, ಕುಂಬಾರರ ವಿದ್ಯುತ್ ಆವಿಗೆಗಳಲ್ಲಿ ಬಳಸುವುದೂ ಇದನ್ನೇ. 1000 ಡಿಗ್ರಿ ಸೆಲ್ಸಿಯಸ್ ಇದಕ್ಕೆ ದೊಡ್ಡದಲ್ಲ. ಸೌದೆ ಒಲೆಗೆಂದೇ ಮೇಲಿನ ಮತ್ತು ಕೆಳಗಿನ ಎರಡೂ ಗಡಿಗೆ ಅಲಾರಾಂ ಇರುವ ಪುಟ್ಟ ಪೆಟ್ಟಿಗೆಗಳು ಅಮೆರಿಕದಲ್ಲಿ ಸಿಗುತ್ತವೆ. ಆಬರ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯದು ಒಲೆ ಇಟ್ಟವರ ಬಾಯಲ್ಲಿ ಹೆಚ್ಚು ಕೇಳುವ ಹೆಸರು. ಎರಡು ಕಡ್ಡಿ ಸಿಕ್ಕಿಸಬಲ್ಲ ಮಾದರಿಯಾದರೆ ಒಂದು ಕೊಳವೆಗೆ, ಇನ್ನೊಂದು ಮೇಲ್ಮೈಗೆ.

ಒಲೆಯಲ್ಲಿ ಹೊಗೆಯನ್ನು ಕಡಿಮೆ ಬಿಸಿಯಲ್ಲೇ ಉರಿಸುವ ಕ್ಯಾಟಲಿಟಿಕ್ ಜಾಲರಿ ಇದ್ದರೆ ಎರಡನೇ ಕಡ್ಡಿ ಅಲ್ಲಿಗೇ ಹೋಗಬೇಕು. ಜಾಲರಿ ಸುಮಾರು 500 ಡಿಗ್ರಿಗೆ ಕೆಲಸ ಶುರುಮಾಡುತ್ತದೆ. ಅದಕ್ಕೂ ಮೊದಲು ಹೊಗೆಯನ್ನು ಅದರೊಳಗೆ ತಿರುಗಿಸಿದರೆ ಮಸಿ ಕಟ್ಟುತ್ತದೆ. ಮುಳ್ಳಿನ ಮಾಪಕ ಇಲ್ಲಿ ನಿಧಾನವೆಂಬ ಕಾರಣಕ್ಕೇ ಮೋಸ ಮಾಡುತ್ತದೆ: ತಣ್ಣಗಾದ ಜಾಲರಿಯನ್ನು ಇನ್ನೂ ಬಿಸಿ ಎಂದು ತೋರಿಸುತ್ತಿರುತ್ತದೆ.

ಕೊಳ್ಳುವಾಗ ಪೆಟ್ಟಿಗೆಗಿಂತ ತಂತಿಯನ್ನು ಹೆಚ್ಚು ನೋಡಿ. ಪ್ಲಾಸ್ಟಿಕ್ ಹೊದಿಕೆ ಕೊಳವೆಯ ಹತ್ತಿರ ಕರಗುತ್ತದೆ. ಹೆಣೆದ ಫೈಬರ್‌ಗ್ಲಾಸ್ ಹೊದಿಕೆ 480 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತಾಳುತ್ತದೆ, ಹೊರಮೈಗೆ ಸಾಕು. ಹೊಗೆಯೊಳಗೆ ಇಳಿಯುವ ಕಡ್ಡಿಗೆ ಸ್ಟೀಲ್ ಕವಚವೇ ಬೇಕು. ಹೊರಮೈಗೆ ಆಯಸ್ಕಾಂತದಿಂದ ಅಂಟುವ ಕಡ್ಡಿಯಾದರೆ ಯಾವ ಆಯಸ್ಕಾಂತ ಎಂದು ಕೇಳಿ. ಮಾಮೂಲಿ ನಿಯೋಡಿಮಿಯಮ್ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳುತ್ತ ಹೋಗುತ್ತದೆ. ಮಧ್ಯರಾತ್ರಿ ಕಡ್ಡಿ ಜಾರಿ ಕೆಳಗೆ ಬಿದ್ದರೆ, ಒಲೆ ಕಾದಷ್ಟೂ ಮಾಪಕ ತಣ್ಣಗಿದೆ ಎನ್ನುತ್ತದೆ. ನಾನು ಸ್ಟೀಲಿನ ಪಟ್ಟಿಯಿಂದ ಬಿಗಿದಿದ್ದೇನೆ.

ಇನ್ನೊಂದು ಸಂಗತಿ, ಎಲೆಕ್ಟ್ರಿಕ್ ಕೆಲಸ ಗೊತ್ತಿರುವವರೇ ತಪ್ಪುವಂಥದ್ದು. ಅಮೆರಿಕದ ಕೆ-ಟೈಪ್ ತಂತಿಯಲ್ಲಿ ಹಳದಿ ಧನ, ಕೆಂಪು ಋಣ. ನಮ್ಮ ಕೈ ಅಭ್ಯಾಸಕ್ಕೆ ಕೆಂಪನ್ನು ಧನಕ್ಕೇ ಹಾಕುತ್ತದೆ. ಹಾಗೆ ಸಿಕ್ಕಿಸಿದರೆ ಒಲೆ ಕಾಯುತ್ತಿದ್ದಂತೆ ಅಂಕಿ ಇಳಿಯುತ್ತದೆ, ಮೇಲಿನ ಅಲಾರಾಂ ಯಾವತ್ತೂ ಕೂಗುವುದಿಲ್ಲ. ಸಿಕ್ಕಿಸಿದ ಕೂಡಲೇ ತುದಿಯನ್ನು ಅಂಗೈಯಲ್ಲಿ ಹಿಡಿಯಿರಿ. ಅಂಕಿ ಏರಿದರೆ ಸರಿ. ತಂತಿ ಉದ್ದ ಸಾಲದಿದ್ದರೆ ತಾಮ್ರದ ತಂತಿ ಜೋಡಿಸಬಾರದು, ಕೆ-ಟೈಪ್‌ನದೇ ಮುಂದುವರಿಕೆಯ ತಂತಿ ಬೇಕು.

ಸ್ವಂತವಾಗಿ ಕಟ್ಟಿಕೊಳ್ಳುವುದು

ಬೆಂಗಳೂರಿನಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದವರಿಗೆ ಈ ಆಸೆ ಸಹಜ, ನನ್ನ ಇಬ್ಬರು ಗೆಳೆಯರೂ ಕಟ್ಟಿದ್ದಾರೆ. ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡು, ಥರ್ಮೋಕಪಲ್ ಓದುವ ಚಿಪ್, ಫೋನಿನಲ್ಲಿ ಗ್ರಾಫ್. ಒಂದು ಚಳಿಗಾಲದ ಗ್ರಾಫ್ ನೋಡಿದವರಿಗೆ ತಮ್ಮ ಒಲೆಯ ಸ್ವಭಾವ ಬೇರೆ ಯಾವ ದಾರಿಯಿಂದಲೂ ಸಿಗದಷ್ಟು ಗೊತ್ತಾಗುತ್ತದೆ: ಯಾವ ಸೌದೆ ಎಷ್ಟು ಹೊತ್ತಿಗೆ ಏರುತ್ತದೆ, ಗಾಳಿ ಅರ್ಧ ಮುಚ್ಚಿದ ಮೇಲೆ ಎಷ್ಟು ನಿಮಿಷ ಏರುತ್ತಲೇ ಇರುತ್ತದೆ. ಚಿಪ್‌ಗಳಲ್ಲಿ ಮ್ಯಾಕ್ಸ್6675 ಅಗ್ಗ, ತಂತಿ ಕಡಿದುಹೋದರೆ ತಿಳಿಸುತ್ತದೆ. ಮ್ಯಾಕ್ಸ್31855 ತಂತಿ ಬೇರೆಡೆಗೆ ತಾಗಿ ಶಾರ್ಟ್ ಆದರೂ ತಿಳಿಸುತ್ತದೆ, ಕಾವಲಿಗೆ ಅದೇ ಮೇಲು. ಆದರೆ ಅದಕ್ಕೆ ಕವಚದಿಂದ ಬೇರ್ಪಟ್ಟ ತುದಿಯ ಕಡ್ಡಿಯೇ ಆಗಬೇಕು, ತುದಿ ಕವಚಕ್ಕೆ ಬೆಸೆದಿದ್ದರೆ ಕೊಳವೆ ಮುಟ್ಟಿದೊಡನೆ ದೋಷ ಎನ್ನುತ್ತದೆ.

ನನ್ನ ತಕರಾರು ಬೇರೆಯದು. ಹಿಮಗಾಳಿ ಬೀಸಿ ಕರೆಂಟು ಹೋದ ರಾತ್ರಿಯೇ ಸೌದೆ ಒಲೆ ಎಲ್ಲಕ್ಕಿಂತ ಜೋರಾಗಿ ಉರಿಯುವುದು. ಅದೇ ರಾತ್ರಿ ವೈಫೈ ಇರುವುದಿಲ್ಲ, ಫೋನಿಗೆ ಸಂದೇಶ ಬರುವುದಿಲ್ಲ. ಮತ್ತೆ, ಕಟ್ಟಿದವನು ಊರಲ್ಲಿ ಇಲ್ಲದಾಗ ಅದು ಕೂಗಿದರೆ ಮನೆಯಲ್ಲಿ ಉಳಿದವರು ಏನು ಮಾಡಬೇಕು? ಗ್ರಾಫಿಗಾಗಿ ಕಟ್ಟಿಕೊಳ್ಳಿ, ಸಂತೋಷದಿಂದ ಕಟ್ಟಿಕೊಳ್ಳಿ. ಕೂಗುವ ಕೆಲಸವನ್ನು ಬ್ಯಾಟರಿಯಲ್ಲಿ ನಡೆಯುವ, ಒಂದೇ ಗುಂಡಿ ಒತ್ತಿ ಸುಮ್ಮನಾಗಿಸಬಹುದಾದ ಪೆಟ್ಟಿಗೆಗೆ ಬಿಡಿ. ಕೊಂಡ ಪೆಟ್ಟಿಗೆಗೂ ಇದೇ ಪರೀಕ್ಷೆ: ಪ್ಲಗ್ ಕಿತ್ತರೆ ನಡೆಯುತ್ತದೆಯೇ, ಮತ್ತೆ ಹಾಕಿದಾಗ ನೀವು ಇಟ್ಟ ಗಡಿಗಳು ನೆನಪಿರುತ್ತವೆಯೇ, ಬಾಗಿಲು ಹಾಕಿದ ಮಲಗುವ ಕೋಣೆಗೆ ಸದ್ದು ಕೇಳುತ್ತದೆಯೇ.

ಯಾರಿಗೆ ಯಾವುದು

ವಾರಾಂತ್ಯಕ್ಕೆ ಮಾತ್ರ ಉರಿ ಹಾಕಿ, ಒಲೆಯ ಮುಂದೆಯೇ ಕುಳಿತಿರುವವರಿಗೆ ಕೊಳವೆಗೆ ತಕ್ಕ ಮುಳ್ಳಿನ ಮಾಪಕ ಸಾಕು. ಚಳಿಗಾಲ ಪೂರ್ತಿ ಅದೇ ಒಲೆಯಿಂದ ಮನೆ ಕಾಯಿಸುವವರು, ರಾತ್ರಿ ತುಂಬಿಸಿ ಮಲಗುವವರು, ಚಿಕ್ಕ ಮಕ್ಕಳ ಹಿಂದೆ ಓಡುವವರು, ಮನೆಯಿಂದಲೇ ಕಚೇರಿ ಕೆಲಸ ಮಾಡುವವರು ಎರಡು ಗಡಿಯ ಅಲಾರಾಂ ಕೊಳ್ಳಲೇಬೇಕು. ದುಡ್ಡು ಎರಡಕ್ಕೂ ಸಾಲದಿದ್ದರೆ ಗನ್ ಬಿಡಿ, ಅಲಾರಾಂ ಬಿಡಬೇಡಿ. ಊರಿನಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವ ಮನೆಗೂ ಇದೇ ಮಾತು. ಬೆಂಕಿ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಆದರೆ ಕೊಳ್ಳಿ ಹಿಂದೆ ಎಳೆಯಲಾಗದ ಒಲೆ ಅವರಿಗೆ ಹೊಸತು. ಅವರಿಗೆ ಗಾಳಿಯ ಹಿಡಿಯನ್ನು ತೋರಿಸಿ, ಅಲಾರಾಂ ಒಮ್ಮೆ ಕೂಗಿಸಿ ಕೇಳಿಸಿ.

ಗಡಿಗಳನ್ನು ಎಲ್ಲಿ ಇಡಬೇಕು? ಕೆಂಪು ಪಟ್ಟಿ ಶುರುವಾಗುವಲ್ಲಿ ಅಲ್ಲ. ಗಾಳಿ ಮುಚ್ಚಿದ ಮೇಲೂ ಏರುವ ಆ ಕೆಲವು ನಿಮಿಷಗಳ ಲೆಕ್ಕ ಹಿಡಿದು ನೂರು ಡಿಗ್ರಿ ಮೊದಲೇ ಇಡಿ. ನಮ್ಮ ಮನೆಯಲ್ಲಿ ಈಗ ಎರಡು ಪದರದ ಕೊಳವೆ, ಒಳಗೆ ಕಡ್ಡಿ. ಮೇಲಿನದು 800, ಕೆಳಗಿನದು 400. ಕೆಳಗಿನದು ಕೂಗಿದಾಗ ಕೆಂಡ ಇನ್ನೂ ಕೆಂಪಗಿರುತ್ತದೆ, ಎರಡು ಸೀಳು ಹಾಕಿದರೆ ಬೆಂಕಿಕಡ್ಡಿ ಗೀರದೆ ಹೊತ್ತಿಕೊಳ್ಳುತ್ತದೆ. ನಿಮ್ಮ ಒಲೆಯ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದನ್ನೇ ಹಿಡಿಯಿರಿ. ಸೌದೆಯ ತೇವ ಶೇಕಡ 20ಕ್ಕಿಂತ ಹೆಚ್ಚಿದ್ದರೆ ಮಾತ್ರ ಯಾವ ಅಂಕಿ ಇಟ್ಟರೂ ಕೆಳಗಿನ ಅಲಾರಾಂ ಕೂಗುತ್ತಲೇ ಇರುತ್ತದೆ. ಅದು ಮಾಪಕದ ದೂರಲ್ಲ, ಸೌದೆಯ ದೂರು.

ಈ ಯಾವುದೂ ಹೊಗೆಯ ಅಲಾರಾಂಗೆ, ಕಾರ್ಬನ್ ಮಾನಾಕ್ಸೈಡ್ ಅಲಾರಾಂಗೆ ಬದಲಿಯಲ್ಲ. ಆ ಅನಿಲಕ್ಕೆ ವಾಸನೆ ಇಲ್ಲ, ಮತ್ತು ಅದು ಮನೆಯೊಳಗೆ ಬರುವುದು ಹೆಚ್ಚಾಗಿ ಒಲೆ ಕಾದಾಗ ಅಲ್ಲ, ಆರುತ್ತ ಬಂದು ಚಿಮಣಿಯ ಎಳೆತ ಸೋತಾಗ. ಪ್ರತಿ ಮಹಡಿಗೊಂದು, ಮಲಗುವ ಕೋಣೆಗಳ ಹೊರಗೊಂದು ಇರಲಿ. ಚಿಮಣಿಯೊಳಗಿನಿಂದ ರೈಲು ಹೋದಂಥ ಸದ್ದು ಕೇಳಿದರೆ ಮಾಪಕ ನೋಡುತ್ತ ನಿಲ್ಲಬೇಡಿ. ಗಾಳಿ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆತಂದು, 911ಕ್ಕೆ (ಯುರೋಪಿನಲ್ಲಿ 112ಕ್ಕೆ) ಫೋನ್ ಮಾಡಿ.

ಅಕ್ಟೋಬರಿನಲ್ಲಿ ಚಿಮಣಿ ಗುಡಿಸುವವರು ಬಂದು ಹೋದ ದಿನ ನಾನು ಕಡ್ಡಿಯನ್ನು ಹೊರತೆಗೆದು ಮಸಿ ಒರೆಸುತ್ತೇನೆ. ಮಸಿ ದಪ್ಪವಾದರೆ ಬಿಸಿ ತಡವಾಗಿ ಮುಟ್ಟುತ್ತದೆ. ಆಮೇಲೆ ಒಂದು ಪಾತ್ರೆಯಲ್ಲಿ ನೀರು ಕುದಿಸಿ ತುದಿಯನ್ನು ಅದರಲ್ಲಿ ಮುಳುಗಿಸುತ್ತೇನೆ. 212ರ ಆಸುಪಾಸು ತೋರಿಸಬೇಕು, ನಾಲ್ಕೈದು ಡಿಗ್ರಿ ಆಚೀಚೆ ಆದರೆ ಚಿಂತೆಯಿಲ್ಲ. ಮೇಲಿನ ಗಡಿಯನ್ನು 200ಕ್ಕೆ ಇಳಿಸಿ ಅದೇ ಕುದಿವ ನೀರಿನಲ್ಲಿ ಅಲಾರಾಂ ಕೂಗಿಸುತ್ತೇನೆ. ಮಗಳು ಮಹಡಿಯ ಮೇಲೆ ಬಾಗಿಲು ಹಾಕಿಕೊಂಡು ನಿಂತು “ಕೇಳಿಸಿತು ಅಪ್ಪ” ಎಂದು ಕೂಗಿದ ಮೇಲೆ ಗಡಿಯನ್ನು ಮತ್ತೆ 800ಕ್ಕೆ ಏರಿಸಿ, ಹೊಸ ಬ್ಯಾಟರಿ ಹಾಕಿ, ವರ್ಷದ ಮೊದಲ ಉರಿ ಹಚ್ಚುತ್ತೇನೆ.